ಮಾನಿಟರೂ ಹೌದು, ಟಿವಿಯೂ ಹೌದು

ಗುಟ್ಟು ಎಂಬುದು ಒಂದು ಆಸ್ತಿ. ಕೆಲವರಿಗೆ ಅದು ಹಿರಿಯರಿಂದ ಬರುತ್ತದೆ, ಕೆಲವರು ಸ್ವಂತ ದುಡಿಮೆಯಿಂದ ಸಂಪಾದಿಸಿಕೊಳ್ಳುತ್ತಾರೆ. ನನಗೆ ಎರಡೂ ದಾರಿಯಲ್ಲಿ ಏನೂ ದಕ್ಕಿಲ್ಲ. ನಾನು ಎಷ್ಟೊತ್ತಿಗೆ ಏಳುತ್ತೇನೆ, ಯಾವ ಪಲ್ಯ ನನಗೆ ಆಗಿಬರುವುದಿಲ್ಲ, ಹೆಂಡತಿ ಮಾದೇವಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೋ ಆಡುತ್ತಿದ್ದಾಳೋ, ಇವೆಲ್ಲ ಶಹಾಪುರದ ನಮ್ಮ ಓಣಿಗೆ ನನಗಿಂತ ಮೊದಲೇ ಗೊತ್ತಾಗುತ್ತವೆ. ಹೀಗಾಗಿ ಸರ್ಕಾರವೂ ಇನ್ನು ಮೇಲೆ ನನ್ನ ಮೇಲೆ ಕಣ್ಣಿಡುತ್ತದೆ ಎಂದು ತಿಳಿದಾಗ ಮೊದಲು ನನಗಾದದ್ದು ಭಯವಲ್ಲ, ಸಂಕೋಚ. ಬೆಂಗಳೂರಿನಿಂದ ಇಷ್ಟು ದೂರ ಕಣ್ಣು ಹಾಯಿಸಿ ನೋಡುವಂಥದ್ದು ಈ ಶರಣಪ್ಪನ ಹತ್ತಿರ ಏನಿದೆ ಎಂದು ಕನ್ನಡಿಯ ಮುಂದೆ ನಿಂತು ನಾನೇ ಒಮ್ಮೆ ನೋಡಿಕೊಂಡೆ. ತಲೆಯ ಮೇಲೆ ಕೂದಲೂ ನಾಲ್ಕೇ ಇದ್ದವು.

ಈ ಕಥೆಗೆ ಎರಡು ಬಾಯಿ ಇವೆ. ಒಂದು ಮನೆಯದು, ಒಂದು ಕಚೇರಿಯದು. ಮನೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಮನೆಯಲ್ಲಿಯೂ ಹೀಗೆಯೇ, ಕಚೇರಿಯ ಮಾತಿಗೆ ಎರಡನೇ ಪಾಳಿ. ನಮ್ಮ ಹಳೆಯ ಟಿವಿ ಒಂದು ಸಂಜೆ ಹವಾಮಾನದ ಸುದ್ದಿ ಹೇಳುತ್ತ ಹೇಳುತ್ತ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಅದೇ ವಾರ ನನ್ನ ಕಂಪ್ಯೂಟರಿನ ಮಾನಿಟರೂ ಎಲ್ಲರ ಮುಖವನ್ನೂ ಹಸಿರು ಮಾಡಿ ತೋರಿಸತೊಡಗಿತು. ಮಾದೇವಿಗೆ ಟಿವಿ ಬೇಕು. ಕಚೇರಿಯ ಕೆಲಸವನ್ನು ಮನೆಗೆ ಹೊತ್ತು ತರುವ ನನಗೆ ಮಾನಿಟರ್ ಬೇಕು. ಪಡಸಾಲೆಯಲ್ಲಿ ಜಾಗ ಇದ್ದದ್ದು ಒಂದಕ್ಕೇ. ಯಾದಗಿರಿಯಲ್ಲಿ ರೈಲ್ವೆ ಸ್ಟೇಷನ್ ಕಡೆಯ ಒಂದು ಅಂಗಡಿಯವನು ನಮ್ಮಿಬ್ಬರ ವಾದವನ್ನೂ ಸಾವಕಾಶವಾಗಿ ಕೇಳಿ, ಒಳಗಿನಿಂದ ಒಂದು ಪೆಟ್ಟಿಗೆ ತಂದಿಟ್ಟ.

"ಸರ, ಇದು ಮಾನಿಟರೂ ಹೌದು, ಟಿವಿನೂ ಹೌದು. ಹಿಂದ ಎರಡ ಜಾಗಾ ಅದಾವ ನೋಡ್ರಿ. ಒಂದಕ್ಕ ಕಂಪ್ಯೂಟರ್ ಹಚ್ಚರಿ, ಇನ್ನೊಂದಕ್ಕ ಡಿಶ್ ಹಚ್ಚರಿ. ರಿಮೋಟಿನ್ಯಾಗ ಈ ಬಟನ್ ಒತ್ತಿದ್ರ ಅದು, ಮತ್ತ ಒತ್ತಿದ್ರ ಇದು. ಮನ್ಯಾಗ ಜಗಳದ ಮಾತೇ ಇಲ್ಲ," ಅಂದ.

ಅವನಿಗಿನ್ನೂ ಮದುವೆಯಾಗಿರಲಿಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಭೀಮಾ ಸೇತುವೆ ದಾಟುವಷ್ಟರಲ್ಲಿ ಹಿಂದಿನ ಸೀಟಿನವರು ಅದು ಎಷ್ಟು ಇಂಚಿನದು ಎಂದು ಕೇಳಿ, ಮುಂದಿನ ಸೀಟಿನವರು ಅದಕ್ಕಿಂತ ದೊಡ್ಡದು ಬರುತ್ತದೆ ಎಂದು ಹೇಳಿ ಆಗಿತ್ತು. ನಾವು ಓಣಿ ಸೇರುವ ಹೊತ್ತಿಗೆ ನಮ್ಮ ಮನೆಯ ಎದುರಿನ ಕಟ್ಟೆಯ ಮೇಲೆ ಒಳ್ಳೆಯ ಜಾಗಗಳು ಆಗಲೇ ಭರ್ತಿಯಾಗಿದ್ದವು.

ಕಟ್ಟೆಯ ಮಾತು ಬಂದಿತು, ಹೇಳಿಬಿಡುತ್ತೇನೆ. ಪಡಸಾಲೆಯಲ್ಲಿ ಕರೆಂಟಿನ ಪಾಯಿಂಟ್ ಇರುವುದು ಒಂದೇ ಗೋಡೆಗೆ, ಆ ಗೋಡೆ ತಲಬಾಗಿಲಿಗೆ ನೇರ ಎದುರಿಗಿದೆ. ನಮ್ಮ ಕಡೆ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದಾಗ ತೆರೆದ ಬಾಗಿಲನ್ನು ಮಲಗುವಾಗಲೇ ಹಾಕುವುದು. ಹಗಲು ಹೊತ್ತು ಬಾಗಿಲು ಮುಚ್ಚಿದೆ ಅಂದರೆ ಊರಿಗೆ ಹೋಗಿದ್ದಾರೆ, ಇಲ್ಲವೇ ಆಗಬಾರದ್ದೇನೋ ಆಗಿದೆ ಎಂದೇ ಲೆಕ್ಕ. ಹೀಗಾಗಿ ನಮ್ಮ ಪರದೆಯ ಮೇಲೆ ಏನು ಬಂದರೂ ಕಟ್ಟೆಯ ಮೇಲೆ ಕುಳಿತವರಿಗೂ, ಹಾದು ಹೋಗುವವರಿಗೂ, ಕೊತ್ತಂಬರಿ ಮಾರುವವಳಿಗೂ ಕಾಣುತ್ತದೆ. ಅದರ ಜೊತೆಗೆ ನನ್ನ ದೃಷ್ಟಿ ಮಂದ. ಮಂಚದ ಮೇಲೆ ಕುಳಿತು ಟೈಪ್ ಮಾಡಬೇಕೆಂದರೆ ಅಕ್ಷರಗಳನ್ನು ಅಂಗಡಿ ಬೋರ್ಡಿನಷ್ಟು ದಪ್ಪ ಮಾಡಿಕೊಳ್ಳಲೇಬೇಕು.

ಇನ್ನು ಕಚೇರಿಯ ಬಾಯಿ. ನಮ್ಮ ಇಲಾಖೆಯ ಹೆಸರು ಹೇಳುವುದಿಲ್ಲ, ನೌಕರಿ ಇನ್ನೂ ಬಾಕಿ ಇದೆ. ಮೇಲಿನಿಂದ ಒಂದು ಆದೇಶ ಬಂತು. ಎಲ್ಲರೂ ಮೊಬೈಲಿನಲ್ಲಿ ಹಾಜರಿ ಆ್ಯಪ್ ಹಾಕಿಕೊಳ್ಳಬೇಕು, ಬಂದಾಗ, ಊಟವಾದ ಮೇಲೆ, ಹೋಗುವಾಗ ಅದಕ್ಕೆ ಮುಖ ತೋರಿಸಬೇಕು. ಫೋಟೋ ಹಿಡಿದು ಮೋಸ ಮಾಡುವವರೂ ಇರುತ್ತಾರಲ್ಲ, ಅದಕ್ಕಾಗಿ ಮುಖ ತೋರಿಸಿದ ಕೂಡಲೇ ಒಂದು ಹೆಣ್ಣು ದನಿ "ಕಣ್ಣು ಮಿಟುಕಿಸಿ" ಎನ್ನುತ್ತದೆ. ಮಿಟುಕಿಸಿದರೆ ಜೀವಂತ ಇದ್ದೀರಿ ಎಂದು ಒಪ್ಪಿ ಹಾಜರಿ ಹಾಕುತ್ತದೆ. ಸುರಪುರದಿಂದ ದಿನಾ ಬಸ್ಸಿನಲ್ಲಿ ಬರುವ ನಮ್ಮ ಮೆಹಬೂಬ್ ಸಾಹೇಬರು ಗಡ್ಡಕ್ಕೆ ಮೆಹಂದಿ ಹಚ್ಚಿದ ದಿನ ಆ್ಯಪ್ ಅವರನ್ನು ಗುರುತಿಸಲೇ ಇಲ್ಲ. ಮನುಷ್ಯ ಬಾಗಿಲಲ್ಲಿ ನಿಂತು ಅಷ್ಟೊತ್ತು ಕಣ್ಣು ಹೊಡೆದದ್ದೇ ಹೊಡೆದದ್ದು. ಎದುರಿನ ಝೆರಾಕ್ಸ್ ಅಂಗಡಿಯ ಹೆಣ್ಣುಮಗಳು ಷಟರ್ ಅರ್ಧ ಇಳಿಸಿಬಿಟ್ಟಳು.

ಇಷ್ಟಾದರೆ ನಕ್ಕು ಬಿಡಬಹುದಿತ್ತು. ಆದರೆ ಆ ಆ್ಯಪ್ ದಿನವಿಡೀ ನಾವು ಎಲ್ಲಿದ್ದೇವೆ ಎಂದೂ ನೋಡುತ್ತದೆ. ಮಧ್ಯಾಹ್ನ ಚಹಾದ ಹೊತ್ತಿಗೆ ನಾನು ಕಚೇರಿಯ ಹಿಂದಿನ ಬೇವಿನ ಮರದ ಕೆಳಗಿನ ಹೋಟೆಲ್ಲಿಗೆ ಹೋಗುತ್ತಿದ್ದೆ. ಮಿರ್ಚಿ ಭಜಿಗಾಗಿ ಎಂದು ನೀವು ಅಂದುಕೊಂಡರೆ ಅರ್ಧ ಸರಿ. ಇನ್ನರ್ಧ ಏನೆಂದರೆ, ಗೋಗಿ, ಶಿರವಾಳ ಕಡೆಯಿಂದ ಬರುವ ರೈತರು ಕಚೇರಿಯ ಒಳಗೆ ಬಾಯಿ ಬಿಡುವುದಿಲ್ಲ, ಹೋಟೆಲ್ಲಿನ ಬೆಂಚಿನ ಮೇಲೆ ಬಿಡುತ್ತಾರೆ. ಅರ್ಜಿಯಲ್ಲಿ ಎಲ್ಲಿ ತಪ್ಪಾಗಿದೆ, ಯಾವ ಕಾಗದ ಬೇಕು ಎಂದು ಅಲ್ಲಿಯೇ ಹೇಳಿ ಕಳಿಸುತ್ತಿದ್ದೆ. ಈಗ ಅಲ್ಲಿಗೆ ಕಾಲಿಟ್ಟರೆ ಸಾಕು, ಮೊಬೈಲು ಕೆಂಪಾಗಿ "ನೀವು ಕರ್ತವ್ಯದ ಸ್ಥಳದಲ್ಲಿಲ್ಲ" ಎನ್ನುತ್ತದೆ. ಒಂದು ದಿನ ಗೋಗಿಯ ಹಿರಿಯರೊಬ್ಬರು ಹೋಟೆಲ್ಲಿನಲ್ಲಿ ಕಾದು ಕಾದು, ಕೊನೆಗೆ ಕಚೇರಿಗೇ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು ಬಾಗಿಲ ಬಳಿ ನಿಂತರು. "ನನ್ನ ಮ್ಯಾಲ ಸಿಟ್ಟಾಗ್ಯಾರೇನು ಶರಣಪ್ಪ ಸಾಹೇಬ್ರು, ಹೋಟೆಲ್ಲಿಗಿ ಬರಲಿಲ್ಲ?" ಎಂದು ಜವಾನನನ್ನು ಕೇಳಿದರಂತೆ. ನಾನು ಸಿಟ್ಟಿನ ಮನುಷ್ಯ ಅಲ್ಲ, ಉಪ್ಪಿಲ್ಲದ ಸಾರನ್ನೂ ಮಾತಿಲ್ಲದೆ ಉಂಡವನು. ಆದರೆ ಅಂದು ಸಿಟ್ಟು ಬಂತು.

ನಮ್ಮ ಸಣ್ಣ ಸಂಘದ ಅಧ್ಯಕ್ಷರು ಮೆಹಬೂಬ್ ಸಾಹೇಬರೇ. ಸೋಮವಾರ ಎಲ್ಲರೂ ರಜೆ ಹಾಕಿ ಯಾದಗಿರಿಯ ದೊಡ್ಡ ಕಚೇರಿಯ ಮುಂದೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂಡುವುದು, ಮನವಿ ಪತ್ರ ಓದಿ ಕೊಡುವುದು ಎಂದು ತೀರ್ಮಾನವಾಯಿತು.

"ಶರಣಪ್ಪಣ್ಣ, ಮನವಿ ನೀವೇ ಬರೀರಿ. ನಿಮ್ಮ ಮನ್ಯಾಗ ದೊಡ್ಡ ಕಂಪ್ಯೂಟರ್ ಬಂದದಂತಲ್ಲ," ಅಂದರು ಮೆಹಬೂಬ್ ಸಾಹೇಬರು. ಆಮೇಲೆ ದನಿ ತಗ್ಗಿಸಿ, "ಆದ್ರ ಸಾಹೇಬರ ಕಿವಿಗಿ ಬೀಳಬಾರದು ನೋಡ್ರಿ. ಬಿತ್ತಂದ್ರ ಸೋಮವಾರ ನಮ್ಮನ್ನೆಲ್ಲಾ ತಪಾಸಣಿ ಅಂತ ಜಿಲ್ಲಾದ ಆ ತುದಿ ಕಡೇಚೂರಿಗಿ ಅಟ್ಟತಾರ. ಖೇಲ್ ಖತಂ," ಅಂದರು.

ಸಾಹೇಬರು ಎಂದರೆ ನಮ್ಮ ಕಚೇರಿಯ ಮುಖ್ಯಸ್ಥರು. ಅವರ ಮನೆ ನಮ್ಮ ಓಣಿಯ ತುದಿಗಿದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅವರ ತಾಯಿ ನೀಲಮ್ಮ ಆಯಿ ದಿನಾ ಸಂಜೆ ಧಾರಾವಾಹಿ ನೋಡಲು ನಮ್ಮ ಮನೆಗೇ ಬರುತ್ತಾರೆ, ನನ್ನ ಮಂಚದ ಮೇಲೇ ಕೂಡುತ್ತಾರೆ. ಹಳೆಯ ಕಾಲದ ಏಳನೆಯ ಇಯತ್ತೆ ಪಾಸಾದ ಹೆಣ್ಣುಮಗಳು, ಕನ್ನಡಕವಿಲ್ಲದೆ ಪೇಪರ್ ಓದುತ್ತಾರೆ. ಇಂಥ ಮನೆಯಲ್ಲಿ, ಇಂಥ ಪರದೆಯ ಮೇಲೆ, ಇಷ್ಟು ದಪ್ಪ ಅಕ್ಷರದಲ್ಲಿ ನಾನು ಗುಪ್ತ ಮನವಿ ಬರೆಯಬೇಕಾಗಿತ್ತು.

ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಬಟನ್ ಒತ್ತಿ ಎರಡು ಸಾಲು ಬರೆಯುವುದು, ಜಾಹೀರಾತು ಮುಗಿಯುವಷ್ಟರಲ್ಲಿ ಮತ್ತೆ ಒತ್ತಿ ಅತ್ತೆ ಸೊಸೆಯರನ್ನು ಕರೆಯುವುದು, ಹೀಗೆ ಉಪಾಯ ಮಾಡಿದೆ. ಆಯಿ ಜಾಹೀರಾತಿನಲ್ಲಿ ಎದ್ದು ಒಳಗೆ ಮಾದೇವಿಯ ಹತ್ತಿರ ಹೋಗುತ್ತಿದ್ದದ್ದು, ಕಟ್ಟೆಯವರು ಪರದೆ ಬಿಟ್ಟು ಹರಟೆಗೆ ತಿರುಗುತ್ತಿದ್ದದ್ದು ನನಗೆ ಅನುಕೂಲವಾಯಿತು. ಆದರೆ ಈ ಗಡಿಬಿಡಿಯಲ್ಲಿ ಮನವಿಯ ಒಂದು ಕಡೆ "ನೌಕರರ ಮೇಲಿನ ಈ ಅಪನಂಬಿಕೆಯನ್ನು ಈ ಮನೆತನ ಎಂದಿಗೂ ಕ್ಷಮಿಸುವುದಿಲ್ಲ" ಎಂದು ಬಿದ್ದುಬಿಟ್ಟಿತ್ತು. ಓದಿ ನೋಡಿದೆ. ಚೆನ್ನಾಗಿಯೇ ಇತ್ತು, ಆದರೂ ತೆಗೆದೆ.

ಶುಕ್ರವಾರ ಸಂಜೆ ಆಗಬಾರದ್ದು ಆಯಿತು. ಧಾರಾವಾಹಿಯಲ್ಲಿ ಸೊಸೆ ಹಾಲಿನ ಲೋಟ ಎತ್ತಿದ್ದಾಳೆ, ಕಟ್ಟೆಯ ಮೇಲೆ ಓಣಿಗೆ ಓಣಿಯೇ ಉಸಿರು ಹಿಡಿದು ಕೂತಿದೆ, ಕರೆಂಟ್ ಹೋಯಿತು. ಯಾರೋ ವಿದ್ಯುತ್ತಿನವರ ಹಿರಿಯರನ್ನು ನೆನೆಸಿದರು. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಡಿಶ್ಶಿನ ಡಬ್ಬಿಗೆ ನಿದ್ದೆಯಿಂದ ಏಳಲು ಹೊತ್ತು ಬೇಕು. ನನ್ನ ಕಂಪ್ಯೂಟರಿಗೆ ಯುಪಿಎಸ್ ಬ್ಯಾಟರಿ ಇದೆ, ಅದು ಮಲಗಿಯೇ ಇರಲಿಲ್ಲ. ಯಾರು ಎಚ್ಚರ ಇದ್ದಾರೋ ಅವರನ್ನು ತೋರಿಸುವುದು ಆ ಮಾನಿಟರ್ ಕಂ ಟಿವಿಯ ಧರ್ಮ. ಗೋಡೆಯ ತುಂಬ ನನ್ನ ಮನವಿ ಎದ್ದು ನಿಂತಿತು: "ನಮ್ಮನ್ನು ಕಳ್ಳರಂತೆ ಕಾಯುವ ಸರ್ಕಾರದ ಈ ಕಣ್ಣನ್ನು ನಾವು ವಿರೋಧಿಸುತ್ತೇವೆ."

ನಾನು ರಿಮೋಟಿಗಾಗಿ ಹಾಸಿಗೆ ತಡಕಾಡಿದೆ. ಅದು ಆಯಿಯ ಕೆಳಗಿತ್ತು. ಅಷ್ಟರಲ್ಲಿ ಕಟ್ಟೆಯ ಮೇಲಿನವರು ಮೊದಲ ಪುಟವನ್ನು ಗಟ್ಟಿಯಾಗಿ ಓದಿ ಮುಗಿಸಿದ್ದರು. "ಶರಣಪ್ಪಣ್ಣ, ವಿರೋಧಿಸುತ್ತೇವೆ ಅಂದ್ರ ಮೆತ್ತಗಾತು. ಖಂಡಿಸುತ್ತೇವೆ ಅಂತ ಹಾಕ್ರಿ," ಅಂದರು ಒಬ್ಬರು. "ಪುಟಾ ತಿರುವ್ರಿ, ಮುಂದೇನದ ನೋಡಮು," ಅಂದರು ಇನ್ನೊಬ್ಬರು. ಕೊತ್ತಂಬರಿಯವಳಿಗೆ ಓದಲು ಬರುವುದಿಲ್ಲ, ಅವಳಿಗೆ ಯಾರೋ ಅರ್ಥ ಹೇಳಿದರು. ಆಯಿ ಮಾತ್ರ ತುಟಿ ಅಲುಗಿಸುತ್ತ ಕೊನೆಯ ಸಾಲಿನವರೆಗೆ ಓದಿದರು. ನನ್ನ ಕಣ್ಣ ಮುಂದೆ ಕಡೇಚೂರು ಬಂದು ನಿಂತಿತು.

ಎಲ್ಲರೂ ಹೋದ ಮೇಲೂ ಆಯಿ ಏಳಲಿಲ್ಲ. ಮಾದೇವಿಯನ್ನು ಕರೆದು ಹತ್ತಿರ ಕೂಡಿಸಿಕೊಂಡರು. ಆಮೇಲೆ ನನಗೆ, "ತಮ್ಮಾ, ಚಂದ್ರುಗ ಹೇಳತೀನಂತ ಅಂಜಿಯೇನು?" ಅಂದರು. ಚಂದ್ರು ಎಂದರೆ ನಮ್ಮ ಸಾಹೇಬರು. ಕಚೇರಿಯಲ್ಲಿ ಅವರಿಗೆ ಹೆಸರಿದೆ ಎಂಬುದೇ ನಮಗೆ ಮರೆತುಹೋಗಿರುತ್ತದೆ.

"ಇಲ್ರಿ ಆಯಿ," ಅಂದೆ.

"ಸುಳ್ಳ ಹೇಳಬ್ಯಾಡ. ಕೇಳಿಲ್ಲಿ. ನನಗ ಸಕ್ಕರಿ ಬ್ಯಾನಿ ಅದ ಅಂತ ಅವಾ ಮನ್ಯಾಗ ಕ್ಯಾಮರಾ ಹಚ್ಯಾನ. ಅಡಗಿಮನ್ಯಾಗ ಒಂದು, ಪಡಸಾಲ್ಯಾಗ ಒಂದು. ಆಫೀಸಿನ್ಯಾಗ ಕುಂತು ಮೊಬೈಲಿನ್ಯಾಗ ನೋಡತಾನ. ನಾ ಡಬ್ಬಿಗಿ ಕೈ ಹಾಕಿದ್ರ ಸಾಕು, ಗ್ವಾಡಿ ಮಾತಾಡತದ, 'ಅವ್ವಾ, ಡಬ್ಬಿ ಕೆಳಗಿಡು' ಅಂತ. ಎದಿ ಒಡದು ಸಾಯಬೇಕು! ಎಪ್ಪತ್ತು ವರ್ಷ ದಾಟ್ಯದ ನನಗ. ಅವಗ ಉಂಡಿ ತಿನ್ನಾಕ ಕಲಿಸಿದಾಕಿ ನಾನು. ನಿನ್ನ ಧಾರಾವಾಹಿ ಯಾರಿಗಿ ಬೇಕೋ? ನಾ ಬರೂದು ಗ್ವಾಡಿ ಸುಮ್ಮನಿರೂ ಮನಿ ಅದ ಅಂತ."

ನಾನು ಮಾದೇವಿಯ ಮುಖ ನೋಡಿದೆ. ಜಾಹೀರಾತಿನ ಹೊತ್ತಿಗೆ ಆಯಿ ಒಳಗೆ ಯಾಕೆ ಹೋಗುತ್ತಿದ್ದರೆಂದು ಆಗ ತಿಳಿಯಿತು. ಮಾದೇವಿ ಆಯಿಗಾಗಿಯೇ ಶೇಂಗಾ ಉಂಡಿಗಳನ್ನು ಗೋಲಿಯಷ್ಟು ಸಣ್ಣಗೆ ಕಟ್ಟಿ ಇಟ್ಟಿದ್ದಳು, ದಿನಕ್ಕೊಂದು ಎಂದು ಲೆಕ್ಕ. ನನಗೆ ಅವು ಕಂಡೇ ಇರಲಿಲ್ಲ. ನನ್ನ ಮನೆಯಲ್ಲಿಯೇ ಇಷ್ಟು ದೊಡ್ಡ ಗುಟ್ಟು ಬೆಳೆದಿತ್ತು, ಅದರಲ್ಲಿ ನನ್ನ ಪಾಲು ಮಾತ್ರ ಇರಲಿಲ್ಲ. ಸ್ವಲ್ಪ ಬೇಜಾರೇ ಆಯಿತು.

"ನಿನ್ನ ಅರ್ಜಿನ್ಯಾಗ ನನ್ನದೂ ಒಂದ್ ಮಾತು ಸೇರಸು. ಮನ್ಯಾಗಿನ ಹಿರ್ಯಾರನ್ನ ಹಿಂಗ ಕಾಯಬಾರದು ಅಂತ," ಅಂದರು ಆಯಿ.

"ಆಯಿ, ಅದು ಇಲಾಖೆಗಿ ಸಂಬಂಧ ಇಲ್ರಿ..."

"ಚಂದ್ರು ಸರ್ಕಾರಿ ಮನಷ್ಯಾ ಹೌದಿಲ್ಲೋ? ಸರ್ಕಾರಿ ಕುರ್ಚಿ ಮ್ಯಾಲ ಕುಂತು ನೋಡತಾನೋ ಇಲ್ಲೋ? ಮತ್ತ!"

ಸೇರಿಸುತ್ತೇನೆ ಎಂದೆ.

ಓಣಿಯವರು ಸಾಹೇಬರಿಗೆ ಹೇಳುತ್ತಾರೇನೋ ಎಂದು ಶನಿವಾರವೆಲ್ಲ ಜೀವ ಕೈಯಲ್ಲಿ ಹಿಡಿದಿದ್ದೆ. ಯಾರೂ ಹೇಳಲಿಲ್ಲ. ನಮ್ಮ ಓಣಿ ಎಲ್ಲವನ್ನೂ ನೋಡುತ್ತದೆ, ನೋಡಿದ್ದನ್ನು ಯಾರ ಮುಂದೆ ಆಡಬಾರದು ಎಂಬುದೂ ಅದಕ್ಕೆ ಗೊತ್ತಿರುತ್ತದೆ. ನನಗೇ ಆ ನಂಬಿಕೆ ಸಾಲಲಿಲ್ಲ. ಭಾನುವಾರ ಸಂಜೆ ಕೊನೆಯ ಪುಟವನ್ನಾದರೂ ಗುಪ್ತವಾಗಿ ಮುಗಿಸೋಣ ಎಂದು ಎದ್ದು ಹೋಗಿ ತಲಬಾಗಿಲು ಹಾಕಿ ಅಗಳಿ ಜಡಿದೆ. ಒಳಗಿದ್ದವರು ನಾನು, ಮಾದೇವಿ ಮತ್ತು ಅಂದಿನ ಉಂಡಿಯನ್ನು ಕೈಯಲ್ಲಿ ಹಿಡಿದ ಆಯಿ.

ಒಂದು ಸಾಲು ಬರೆದಿರಲಿಲ್ಲ, ಬಾಗಿಲು ಬಡಿಯಿತು. "ಮಾದೇವಕ್ಕಾ, ಯಾಕ ಬಾಗಲಾ ಹಾಕೀರಿ? ಶರಣಪ್ಪಣ್ಣ ಹುಷಾರದಾರಿಲ್ಲೋ?" ಎಂದು ಒಂದು ದನಿ. "ಊರಿಂದ ಏನರ ಸುದ್ದಿ ಬಂದದೇನು?" ಎಂದು ಇನ್ನೊಂದು. ಯಾರೋ ಆಗಲೇ ನಿಟ್ಟುಸಿರು ಬಿಡುವುದು ಕೇಳಿಸಿತು. ಯಾರೋ ಪುಣ್ಯಾತ್ಮರು ಆಟೋ ತಂದು ಅಂಗಳದಲ್ಲಿ ನಿಲ್ಲಿಸಿದರು, ದವಾಖಾನೆಗೆ ಬೇಕಾದೀತು ಎಂದು. ಮನೆಯ ಮುಂದೆ ಜನ ಕೂಡಿದ್ದು ನೋಡಿ, ತಾಯಿ ಒಳಗಿದ್ದಾರೆ ಎಂದು ತಿಳಿದು, ಸಾಹೇಬರೇ ಬನಿಯನ್ನಿನ ಮೇಲೆ ಟವೆಲ್ ಹಾಕಿಕೊಂಡು ಓಡಿ ಬಂದರು.

"ಶರಣಪ್ಪ! ಬಾಗಲಾ ತಗೀರಿ! ನಮ್ಮ ಅವ್ವ ಹ್ಯಾಂಗದಾಳ?"

ಅಗಳಿ ತೆಗೆದವಳು ಮಾದೇವಿ. ಸಾಹೇಬರು ಒಳಗೆ ನುಗ್ಗಿದರು. ಗೋಡೆಯ ಮೇಲೆ "ಮುಖ್ಯಸ್ಥರ ಗಮನಕ್ಕೆ ತಾರದೆ ಈ ಹೋರಾಟ ಕೈಗೊಂಡಿರುವುದಕ್ಕೆ ಕಾರಣವೇನೆಂದರೆ" ಎಂಬ ಸಾಲು ಬೆಳಗುತ್ತಿತ್ತು. ಮಂಚದ ಮೇಲೆ ಸಾಹೇಬರ ತಾಯಿ ಉಂಡಿ ಹಿಡಿದು ಕೂತಿದ್ದರು. ಆ ಕ್ಷಣದಲ್ಲಿ ಯಾರು ಯಾರಿಗೆ ಸನ್ನೆ ಮಾಡಿದರೋ ದೇವರಿಗೇ ಗೊತ್ತು. ಆಯಿ ಎಡಗೈಯಿಂದ ರಿಮೋಟ್ ಎತ್ತಿ ಬಟನ್ ಒತ್ತಿದರು. ನಾನು ಅವರ ಬಲಗೈಯಲ್ಲಿದ್ದ ಉಂಡಿಯನ್ನು ಕಿತ್ತು ನನ್ನ ಬಾಯಿಗೆ ಹಾಕಿಕೊಂಡೆ. ಸಾಹೇಬರು ತಲೆ ಎತ್ತಿ ನೋಡುವಾಗ ಪರದೆಯ ಮೇಲೆ ಸೊಸೆ ಅಳುತ್ತಿದ್ದಳು.

"ಬಾಗಲಾ ಯಾಕ ಹಾಕ್ಕೊಂಡಿದ್ರಿ?" ಎಂದು ನನ್ನನ್ನು ಕೇಳಿದರು. ನನ್ನ ಬಾಯಿಯ ತುಂಬ ಉಂಡಿ. ಉತ್ತರ ಕೊಟ್ಟವರು ಆಯಿ.

"ಧಾರಾವಾಹಿ ಛಂದ್ ನಡದಿತ್ತು, ಹೊರಗಿನವ್ರು ಗದ್ದಲ ಮಾಡತಾರಂತ ನಾನೇ ಹಾಕಸಿದ್ದೆ. ನೀ ಬನಿಯನ್ ಮ್ಯಾಲ ಊರೆಲ್ಲಾ ಯಾಕ ತಿರಗಾಕತ್ತಿ? ನಡಿ ಮನಿಗಿ!"

ಸಾಹೇಬರು ತಲೆ ತಗ್ಗಿಸಿ ಹೋದರು. ಅಂಗಳದ ಆಟೋ ಕೂಡ ಬೇಜಾರಿನಿಂದ ತಿರುಗಿ ಹೋಯಿತು.

ಸೋಮವಾರ ಹೋರಾಟ ಸುಸೂತ್ರವಾಗಿ ನಡೆಯಿತು. ಯಾದಗಿರಿಯ ಬಿಸಿಲು ಗೊತ್ತಲ್ಲ, ಕಪ್ಪು ಪಟ್ಟಿ ಕಟ್ಟಿಕೊಂಡ ತೋಳು ಬೇರೆಯಾಗಿಯೇ ಬೆಂದಿತು. ಗೋಗಿಯ ಆ ಹಿರಿಯರೂ ಹೇಗೋ ಸುದ್ದಿ ತಿಳಿದು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ನಮ್ಮ ಹಿಂದೆ ಕೂತರು. ಈ ಸಲ ಚಪ್ಪಲಿ ಬಿಟ್ಟಿರಲಿಲ್ಲ. ಅದನ್ನು ನೋಡಿ ನಾನು ಎದ್ದು ಗಟ್ಟಿಯಾಗಿ ಮನವಿ ಓದಿದೆ. "ನೌಕರರು ಹಾಗೂ ಅವರ ಮನೆಯ ಹಿರಿಯರ ಘನತೆ" ಎಂದಲ್ಲಿಗೆ ಬಂದಾಗ ದೊಡ್ಡ ಅಧಿಕಾರಿಗಳು, "ಹಿರಿಯರು ನಡುವೆ ಎಲ್ಲಿಂದ ಬಂದರು?" ಎಂದು ಕೇಳಿದರು. "ಸರ, ಅವ್ರೂ ಭಾಳ ತ್ರಾಸಿನ್ಯಾಗ ಅದಾರ," ಅಂದರು ಮೆಹಬೂಬ್ ಸಾಹೇಬರು. ಪರಿಶೀಲಿಸುತ್ತೇವೆ ಎಂದು ಅಧಿಕಾರಿಗಳು ಮನವಿ ತೆಗೆದುಕೊಂಡರು. ಸ್ಥಳೀಯ ಚಾನೆಲ್ಲಿನವನೊಬ್ಬ ಕ್ಯಾಮರಾ ಹಿಡಿದು ಓಡಾಡುತ್ತಿದ್ದ. "ನಮ್ಮನ್ನು ನೋಡುವುದು ನಿಲ್ಲಿಸಿ" ಎಂದು ಕೂಗುತ್ತಲೇ ನಾನು ಅವನ ಕಡೆ ಮುಖ ತಿರುಗಿಸಿಕೊಂಡದ್ದು, ಇದ್ದ ನಾಲ್ಕು ಕೂದಲು ಸರಿ ಮಾಡಿಕೊಂಡದ್ದು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೇನೆ.

ಸಂಜೆ ಕಟ್ಟೆ ತುಂಬಿತ್ತು. ಆ ದಿನ ಧಾರಾವಾಹಿಗೆ ರಜೆ. ಸುದ್ದಿ ಬಂತು. ಮೆಹಬೂಬ್ ಸಾಹೇಬರ ಕೆಂಪು ಗಡ್ಡ ಬಂತು, ಗೋಗಿಯವರ ತಲೆಯ ಪಟಗ ಬಂತು, ಕಚೇರಿಯ ಮುಂದೆ ಮಲಗಿದ್ದ ನಾಯಿಯೂ ಬಂತು. ನಾನು ಓದಿದ ಮನವಿ ಬಂತು, ಅದನ್ನು ಹಿಡಿದ ನನ್ನ ಮೊಣಕೈ ಬಂತು. ಅಷ್ಟರಲ್ಲಿ ಹತ್ತಿಯ ಪೇಟೆ ಧಾರಣೆ ಶುರುವಾಯಿತು. ನನಗೆ ತಡೆಯಲಾಗಲಿಲ್ಲ. ಇಂಥವರಿಗೆ ಕ್ಯಾಮರಾ ಯಾರು ಕೊಡುತ್ತಾರೆ ಎಂದು ಕೂಗಾಡಿದೆ.

"ಯಾರೂ ನೋಡಬಾರ್ದು ಅಂತ ಹೋಗಿದ್ರಿ, ಯಾರೂ ನೋಡಲಿಲ್ಲ. ಮತ್ತ ಯಾಕ ಸಿಟ್ಟು?" ಅಂದಳು ಮಾದೇವಿ. ಕಟ್ಟೆ ಇಡೀ ನಕ್ಕಿತು.

ಮರುದಿನ ಸಾಹೇಬರು ನನ್ನನ್ನು ಒಳಗೆ ಕರೆದರು. ಬೈಯುತ್ತಾರೆ ಎಂದು ಹೋದರೆ ಕುರ್ಚಿ ತೋರಿಸಿದರು. "ಶರಣಪ್ಪ, ಹೋಟೆಲ್ಲಿಗಿ ಹೋಗಿ ರೈತರ ಕೂಡ ಮಾತಾಡೂದನ್ನ ನಾ ಹೊರಗಿನ ಕರ್ತವ್ಯ ಅಂತ ಬರಕೋತೀನಿ, ಹೋಗ್ರಿ," ಅಂದರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ದನಿ ಇಳಿಸಿ, "ನಿಮ್ಮಿಂದ ನನಗೂ ಒಂದು ಕೆಲಸ ಆಗಬೇಕು. ನಮ್ಮ ಅವ್ವ ದಿನಾ ನಿಮ್ಮ ಮನಿಗಿ ಬರ್ತಾಳಲ್ಲ. ಸಿಹಿ ಗಿಹಿ ತಿಂತಾಳೇನು, ಜರಾ ಕಣ್ಣಿಟ್ಟಿರ್ರಿ. ನನಗ ಅಕೀ ಒಬ್ಬಾಕೀನೇ ಅದಾಳ," ಅಂದರು. ಕೊನೆಯ ಮಾತು ಹೇಳುವಾಗ ಅವರು ಸಾಹೇಬರಾಗಿರಲಿಲ್ಲ, ಚಂದ್ರು ಆಗಿದ್ದರು.

ನಿನ್ನೆಯಷ್ಟೇ ಕಪ್ಪು ಪಟ್ಟಿ ಬಿಚ್ಚಿದ ತೋಳು ಇನ್ನೂ ಉರಿಯುತ್ತಿತ್ತು. ಆದರೂ ನಾನು, "ಹೂಂ ರಿ ಸರ," ಅಂದುಬಿಟ್ಟೆ.

ಸಂಜೆ ಮನೆಗೆ ಬಂದಾಗ ಪರದೆ ಆರಿತ್ತು. ಮಂಚದ ಮೇಲೆ ಆಯಿ, ಅವರ ಪಕ್ಕದಲ್ಲಿ ಉಂಡಿಯ ಡಬ್ಬಿ. "ಏನಂದ ಚಂದ್ರು?" ಎಂದು ಕೇಳಿದರು. ಏನಿಲ್ಲ ಎಂದು ನಾನು ಅವರಿಗೆ ಬೆನ್ನು ಮಾಡಿ ಕುಳಿತು, ನೋಡುವುದಿಲ್ಲ ಎಂದು ನಿಶ್ಚಯಿಸಿ ಎದುರಿನ ಗೋಡೆಯ ಮೇಲೆ ಕಣ್ಣು ನೆಟ್ಟೆ. ಗೋಡೆಯ ಮೇಲೆ ಇದ್ದದ್ದು ಅದೇ ಪರದೆ, ಮಾನಿಟರೂ ಹೌದು, ಟಿವಿಯೂ ಹೌದು. ಆರಿದಾಗ ಅದು ಕನ್ನಡಿಯೂ ಹೌದು ಎಂದು ಅಂಗಡಿಯವನು ಹೇಳಿರಲಿಲ್ಲ. ಕಪ್ಪು ಗಾಜಿನಲ್ಲಿ ನನ್ನ ಮಂದ ದೃಷ್ಟಿಗೂ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಆಯಿ ಡಬ್ಬಿಗೆ ಕೈ ಹಾಕಿದರು. ದಿನದ ಒಂದು ಉಂಡಿ ಬಾಯಿಗೆ ಹೋಯಿತು. ಕೈ ಮತ್ತೆ ಡಬ್ಬಿಯ ಕಡೆ ಹೊರಟಿತು. ಆ ಕೈಯನ್ನು ನಾನು ಎಷ್ಟು ನಿಷ್ಠೆಯಿಂದ ನೋಡುತ್ತಿದ್ದೆನೆಂದರೆ, ಯಾವ ಸರ್ಕಾರವೂ ನನ್ನನ್ನು ಅಷ್ಟು ನಿಷ್ಠೆಯಿಂದ ನೋಡಿರಲಾರದು. ಕೈ ನಡುದಾರಿಯಲ್ಲಿ ನಿಂತಿತು. ಆಯಿ ತಲೆ ಎತ್ತಿ, ಗಾಜಿನೊಳಗೆ ನೇರವಾಗಿ ನನ್ನ ಮುಖ ನೋಡಿ, ಒಂದು ಕಣ್ಣು ಮಿಟುಕಿಸಿದರು.

ಆ್ಯಪ್ ಹಚ್ಚಿದ ರೂಢಿ ಬಿಡಬೇಕಲ್ಲ. ನಾನೂ ಮಿಟುಕಿಸಿ ಹಾಜರಿ ಹಾಕಿದೆ.